ಕಂಬಾರನ ಕುಲುಮೆ



ಅಂದವಾದದ್ದನ್ನು ನೋಡಬೇಕೆಂಬ ಮನಸ್ಸಾದಾಗ ನಮ್ಮ ಜನರು ದೂರ ಹೋಗುವದುಂಟು. ವಿಜಯಪುರದ ಗೋಲಗುಮ್ಮಟವನ್ನೂ ಕಲಬುರಗಿಯ ಕೋಟೆಯನ್ನೂ ನೋಡಿ ಬಂದು, ಅದರ ಸುದ್ದಿಯನ್ನು ತಿಂಗಳುಗಟ್ಟಲೆ ಹೇಳುತ್ತಿರುವರು. ಅದು ತಪ್ಪೇನೂ ಅಲ್ಲ. ಆದರೆ ತಮ್ಮ ಊರಿನ ಅಗಸೆಯ ಬಳಿಯಲ್ಲಿ, ಬೇವಿನ ಮರದ ಕೆಳಗೆ, ಹೊಗೆ ಹಿಡಿದ ಚಪ್ಪರದೊಳಗೆ ಇರುವ ಅಂದವನ್ನು ನಿಂತು ನೋಡುವವರು ಕೊಂಚ ಮಂದಿ. ಅದು ಕಂಬಾರನ ಕುಲುಮೆ. ಈ ಪಾಠಕ್ಕೆ ನಾವು ಅದನ್ನೇ ಆರಿಸಿಕೊಂಡಿದ್ದೇವೆ. ಕುಲುಮೆಯು ಯಾತಕ್ಕೆ ಅಂದವಾಗಿದೆ, ಅಲ್ಲಿ ನಡೆಯುವ ಕೆಲಸದ ಮರ್ಮವೇನು, ಅದನ್ನು ಮೆಚ್ಚಿಕೊಳ್ಳುವವನು ಏನು ಮಾಡತಕ್ಕದ್ದು ಎಂಬ ಮೂರು ಸಂಗತಿಗಳನ್ನು ಕ್ರಮವಾಗಿ ವಿಚಾರಿಸೋಣ.

1. ಕುಲುಮೆಯ ನೋಟ

ಮಾದನಹಿಪ್ಪರಗಾ ಎಂಬ ಊರು ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಸಮೀಪವಾಗಿ ಇರುವದು. ಈ ಸೀಮೆಯು ಎರೆಭೂಮಿಯದು. ತೊಗರಿ, ಜೋಳ, ಕಡಲೆ ಇವೇ ಇಲ್ಲಿಯ ರೈತನ ಬಾಳು. ಎರೆ ಮಣ್ಣು ಬೇಸಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬಿರಿಯುವದು. ಮಳೆಗಾಲದಲ್ಲಿ ಅಂಟಿನಂತೆ ಕಾಲಿಗೂ ಕುಂಟೆಗೂ ಹಿಡಿದುಕೊಳ್ಳುವದು. ಇಂಥ ಮಣ್ಣಿನಲ್ಲಿ ದುಡಿಯುವ ಕಬ್ಬಿಣವು ಬಲು ಬೇಗ ಸವೆಯುವದು. ಆದದರಿಂದ ಈ ಸೀಮೆಯ ಒಕ್ಕಲುತನವು ತಲೆತಲಾಂತರದಿಂದ ಕಂಬಾರನ ಕೈಯನ್ನು ನಂಬಿ ನಡೆದು ಬಂದದ್ದಾಗಿದೆ.

ಮೃಗಶಿರಾ ಮಳೆಗೆ ಇನ್ನೂ ಹತ್ತು ದಿನಗಳಿರುವಾಗ, ಒಂದು ಮುಂಜಾನೆ, ಈ ಭಾಗದ ಒಂದು ಕುಲುಮೆಗೆ ನಾವು ಹೋದೆವು. ನಮ್ಮ ಕೈಯಲ್ಲಿ ಬಾಯಿ ಮೊಂಡಾದ ಒಂದು ಕುಡುಗೋಲು ಇತ್ತು. ನಮಗಿಂತ ಮುಂಚೆಯೇ ನಾಲ್ಕು ಮಂದಿ ಒಕ್ಕಲಿಗರು ಬಂದು, ಕುಂಟೆಯ ಕುಡಗಳನ್ನೂ ಕೊಡಲಿಗಳನ್ನೂ ಮುಂದಿಟ್ಟುಕೊಂಡು ನೆರಳಿನಲ್ಲಿ ಕೂತಿದ್ದರು. ಸರದಿ ಬರುವ ತನಕ ನಾವು ಕುಲುಮೆಯೊಳಗೆ ಕಣ್ಣಾಡಿಸಿದೆವು.

ನೆಲದಲ್ಲಿ ಮೊಳ ಉದ್ದದ ಒಂದು ತಗ್ಗು. ಅದರ ಬೆನ್ನಿಗೆ ಮಣ್ಣಿನ ಗಿಡ್ಡ ಗೋಡೆ. ಗೋಡೆಯ ತಳದಲ್ಲಿ ಗಾಳಿಯ ಕೊಳವೆಯ ಬಾಯಿ. ಹಿಂದಿನ ಕಾಲದಲ್ಲಿ ಆ ಕೊಳವೆಗೆ ತೊಗಲಿನ ತಿದಿಗಳು ಗಾಳಿಯನ್ನು ಕೊಡುತ್ತಿದ್ದವು. ಎರಡು ತಿದಿಗಳನ್ನು ಒಂದಾದ ಮೇಲೊಂದರಂತೆ ಒತ್ತಿದರೆ, ಒಂದು ಉಸಿರು ಎಳೆದುಕೊಳ್ಳುವಾಗ ಇನ್ನೊಂದು ಉಸಿರು ಬಿಡುವದರಿಂದ, ಬೆಂಕಿಗೆ ಗಾಳಿ ಎಡೆಬಿಡದೆ ದೊರಕುವದು. ಈಗ ಅದರ ಸ್ಥಳದಲ್ಲಿ ಕೈಯಿಂದ ತಿರುಗಿಸುವ ಕಬ್ಬಿಣದ ಗಾಲಿಯುಂಟು. ಹಳೆಯ ತಿದಿಯೊಂದು ಮಾತ್ರ ಜಂತಿಗೆ ತೂಗುಬಿದ್ದಿತ್ತು. ಬೆಂಕಿಯ ಮುಂದೆ, ನೆಲದಲ್ಲಿ ಹುಗಿದ ಜಾಲಿಯ ದಿಮ್ಮಿಯ ಮೇಲೆ ಅಡಿಗಲ್ಲು. ಬಲಗಡೆಗೆ ಕಲ್ಲಿನ ದೋಣಿಯಲ್ಲಿ ನೀರು. ಎಡಗಡೆಯ ಗೋಡೆಗೆ ಇಕ್ಕಳಗಳು ಸಾಲಾಗಿ ಒರಗಿದ್ದವು: ಒಂದರ ಬಾಯಿ ಚಪ್ಪಟೆ, ಒಂದರದು ದುಂಡು, ಒಂದರದು ಹಕ್ಕಿಯ ಕೊಕ್ಕಿನಂತೆ ಬಾಗಿದ್ದು. ಇವೆಲ್ಲವೂ ಅವನೇ ಮಾಡಿಕೊಂಡವುಗಳು. ಯಾಕಂದರೆ ಬೇರೆ ಕಸುಬಿನವರ ಉಪಕರಣಗಳನ್ನು ಕಂಬಾರನು ಮಾಡಿ ಕೊಡುವನು. ಕಂಬಾರನ ಉಪಕರಣಗಳನ್ನು ಮಾಡಿ ಕೊಡುವವನು ಕಂಬಾರನೇ.

ಆ ಮುದುಕನು ಕೂತ ಸ್ಥಳದಿಂದ ಏಳದೆ, ಸೊಂಟವನ್ನು ಸ್ವಲ್ಪ ತಿರುಗಿಸಿದ ಮಾತ್ರಕ್ಕೆ, ಬೆಂಕಿಯೂ ಅಡಿಗಲ್ಲೂ ನೀರೂ ಕೈಗೆ ನಿಲುಕುತ್ತಿದ್ದವು. ಇದು ಅಕಸ್ಮಾತ್ತಾಗಿ ಆದದ್ದಲ್ಲ. ಕಾದ ಕಬ್ಬಿಣವನ್ನು ಬೆಂಕಿಯಿಂದ ತೆಗೆದ ಕೂಡಲೇ ಅದರ ಕಾವು ಇಳಿಯಲಾರಂಭಿಸುವದು. ಎರಡು ಹೆಜ್ಜೆ ನಡೆದರೆ ಎರಡು ಪೆಟ್ಟಿನ ಕಾಲ ನಷ್ಟವಾಗುವದು. ಆದದರಿಂದ ತಲೆತಲಾಂತರದ ಅನುಭವವು ಆ ಮೂರನ್ನೂ ಒಂದೇ ತೋಳಿನ ಅಳತೆಯೊಳಗೆ ತಂದಿಟ್ಟಿದೆ. ಕುಲುಮೆಯ ಅಂದದ ಮೊದಲನೆಯ ಕಾರಣವಿದು: ಅಲ್ಲಿ ಅಲಂಕಾರಕ್ಕೆಂದು ಇಟ್ಟದ್ದು ಒಂದೂ ಇಲ್ಲ, ಸ್ಥಳ ತಪ್ಪಿ ಇಟ್ಟದ್ದೂ ಒಂದೂ ಇಲ್ಲ.

2. ಕತ್ತಲೆ ಯಾಕೆ?

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದ್ದರೂ ಕುಲುಮೆಯೊಳಗೆ ಮಬ್ಬು ಕತ್ತಲೆ ಇರುವದು. ಬಡತನದ ಸಲುವಾಗಿ ಕಿಟಿಕಿ ಇಡಲಿಲ್ಲವೆಂದು ತಿಳಿಯುವವರುಂಟು. ನಾವೂ ಹಾಗೆಯೇ ತಿಳಿದಿದ್ದೆವು. ಆ ದಿನ ಆ ಮಾತನ್ನು ಆಡಿದಾಗ ಮುದುಕನು ನಕ್ಕು, ಬೆಳಕು ಹೆಚ್ಚಾದರೆ ತಾನು ಕುರುಡನಾಗುವೆನೆಂದು ಹೇಳಿದನು.

ಅದರ ಅರ್ಥ ಹೇಗಂದರೆ: ಕಂಬಾರನ ಬಳಿಯಲ್ಲಿ ಕಾವನ್ನು ಅಳೆಯುವ ಯಂತ್ರವಿಲ್ಲ. ಅವನು ಕಬ್ಬಿಣದ ಬಣ್ಣದಿಂದಲೇ ಕಾವನ್ನು ಓದಿಕೊಳ್ಳುವನು. ಕಬ್ಬಿಣವು ಸುಮಾರು 700 ಡಿಗ್ರಿ ಸೆಂಟಿಗ್ರೇಡಿಗೆ ಕಾದಾಗ ಮಂಕಾದ ಕೆಂಪಾಗುವದು, 800ರ ಸುಮಾರಿಗೆ ಮಾಗಿದ ಹಣ್ಣಿನಂತೆ ತಿಳಿಗೆಂಪಾಗುವದು, 950ರ ಸುಮಾರಿಗೆ ಕಿತ್ತಳೆಯಾಗುವದು, 1100ರಲ್ಲಿ ಹಳದಿಯಾಗುವದು, 1300ರ ಹತ್ತಿರ ಬೆಳ್ಳಗಾಗಿ ಕಿಡಿಗಳನ್ನು ಉಗುಳಲಾರಂಭಿಸುವದು. ಆ ಬೆಳ್ಳಗಿನ ಕಾವಿನಲ್ಲಿ ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಬಡಿದರೆ ಅವು ಬೆಸೆದುಕೊಂಡು ಒಂದೇ ಆಗುವವು. ಇನ್ನೂ ಮೀರಿದರೆ ಕಬ್ಬಿಣವು ಉರಿದು ಕೆಟ್ಟುಹೋಗುವದು. ಬಿಸಿಲಿನಲ್ಲಿ ಈ ಬಣ್ಣಗಳು ಒಂದಕ್ಕೊಂದು ಕಲಸಿಹೋಗಿ ಕಾಣುವವು. ಮಂಕು ಕೆಂಪು ಬಿಸಿಲಿಗೆ ಕಪ್ಪಾಗಿಯೇ ತೋರುವದು. ಆದದರಿಂದ ಕುಲುಮೆಯ ಕತ್ತಲೆಯು ಕೊರತೆಯಲ್ಲ, ಅದೂ ಒಂದು ಉಪಕರಣವು.

3. ಎರಡು ಸುತ್ತಿಗೆಗಳು

ನಮ್ಮ ನಾಡಿನ ಅನೇಕ ಕುಲುಮೆಗಳಲ್ಲಿರುವಂತೆ, ಇಲ್ಲಿಯೂ ಗಂಡಹೆಂಡರು ಕೂಡಿ ದುಡಿಯುತ್ತಿದ್ದರು. ಕೆಲವು ಹೊತ್ತು ಗಾಲಿಯನ್ನು ತಿರುಗಿಸುವವಳು ಆ ತಾಯಿ. ಕಬ್ಬಿಣ ಕಾದ ಕೂಡಲೇ ಎದ್ದು ಚಮ್ಮಟಿಗೆಯನ್ನು ಎತ್ತುವವಳೂ ಅವಳೇ. ಮುದುಕನ ಕೈಯಲ್ಲಿ ಚಿಕ್ಕ ಸುತ್ತಿಗೆ. ಅವನು ಚಿಕ್ಕ ಸುತ್ತಿಗೆಯಿಂದ ಎಲ್ಲಿ ತಟ್ಟಿ ತೋರಿಸುವನೋ ಅಲ್ಲಿಯೇ ಅವಳ ಚಮ್ಮಟಿಗೆಯ ಪೆಟ್ಟು ಬೀಳುವದು. ಅವನು ಬರಿ ಅಡಿಗಲ್ಲಿನ ಮೇಲೆ ತಟ್ಟಿದರೆ, ‘ಸಾಕು, ನಿಲ್ಲಿಸು’ ಎಂದು ಅರ್ಥ. ಬಾಯಲ್ಲಿ ಒಂದು ಮಾತೂ ಇಲ್ಲ. ದೂರದಿಂದ ಕೇಳುವವನಿಗೆ ಅದು ತಾಳದಂತೆ ಇರುವದು; ಹತ್ತಿರ ನಿಂತವನಿಗೆ ಅದು ಸಂಭಾಷಣೆಯೆಂದು ತಿಳಿಯುವದು.

ಊರಿನವರು ‘ಕಂಬಾರ ಮಾಡಿದ ಕೊಡಲಿ’ ಅನ್ನುವರು. ಆ ಕೊಡಲಿಯಲ್ಲಿ ಅರ್ಧ ಬಲವು ಅವನ ಹೆಂಡತಿಯ ತೋಳಿನದೆಂಬದನ್ನು ಯಾರೂ ಹೇಳುವದಿಲ್ಲ. ಊರಿಂದೂರಿಗೆ ಸಂಚರಿಸುತ್ತಾ, ದಾರಿಯ ಮಗ್ಗುಲಲ್ಲಿ ತಗ್ಗು ತೋಡಿ ಕುಲುಮೆ ಹೂಡುವ ಘಿಸಾಡಿ ಜನರಲ್ಲಿಯೂ ಹೆಂಗಸರು ಚಮ್ಮಟಿಗೆ ಹೊಡೆಯುವದನ್ನು ನಮ್ಮ ವಾಚಕರು ಕಂಡಿರಬಹುದು.

4. ಹದವೆಂಬದು ಏನು?

ನಮ್ಮ ಕುಡುಗೋಲಿನ ಸರದಿ ಬಂದಿತು. ಮುದುಕನು ಅದರ ಬಾಯನ್ನು ಕಾಯಿಸಿ ಬಡಿದು ತೆಳ್ಳಗೆ ಮಾಡಿದನು. ಆ ಮೇಲೆ ಇನ್ನೊಂದು ಸಾರಿ ತಿಳಿಗೆಂಪಿಗೆ ಕಾಯಿಸಿ, ಬಾಯಿಯ ಅಂಚನ್ನು ಮಾತ್ರ ದೋಣಿಯ ನೀರಿಗೆ ಮುಟ್ಟಿಸಿದನು. ಇದಕ್ಕೆ ನೀರು ಕುಡಿಸುವದು ಅನ್ನುವರು. ಹೀಗೆ ತಟ್ಟನೆ ತಣ್ಣಗಾದ ಉಕ್ಕು ಗಾಜಿನಂತೆ ಗಟ್ಟಿಯಾಗುವದು. ಆದರೆ ಗಾಜಿನಂತೆಯೇ ಒಡೆಯುವ ಸ್ವಭಾವದ್ದೂ ಆಗುವದು. ಹಾಗೆಯೇ ಬಿಟ್ಟರೆ ಮೊದಲನೆಯ ಕಲ್ಲು ತಗಲಿದಾಗಲೇ ಚಕ್ಕೆ ಏಳುವದು.

ಆದದರಿಂದ ಅವನು ಅದನ್ನು ಬೇಗನೆ ಹೊರಗೆ ತೆಗೆದು, ಅಂಚನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ, ಕಣ್ಣಿನ ಹತ್ತಿರ ಹಿಡಿದು ಕಾದನು. ಬೆನ್ನಿನಲ್ಲಿ ಉಳಿದಿದ್ದ ಕಾವು ಮೆಲ್ಲಗೆ ಅಂಚಿನ ಕಡೆಗೆ ಹರಿದು ಬರುತ್ತಿರುವಾಗ, ಬೆಳ್ಳಗಿನ ಉಕ್ಕಿನ ಮೇಲೆ ಬಣ್ಣಗಳು ಓಡಲಾರಂಭಿಸಿದವು: ಮೊದಲು ಒಣ ಹುಲ್ಲಿನ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ, ಕಟ್ಟಕಡೆಗೆ ನೀಲಿ. ಹಳದಿಯು ಸುಮಾರು 230 ಡಿಗ್ರಿಯ ಗುರುತು. ನೀಲಿಯು ಸುಮಾರು 300 ಡಿಗ್ರಿಯದು. ಹುಲ್ಲು ಕೊಯ್ಯುವ ಬಾಯಿಗೆ ಹಳದಿಯ ಹದ ಬೇಕು. ಪೆಟ್ಟು ತಿನ್ನುವ ಕೊಡಲಿಗೆ ನೇರಳೆಯ ಹದ ಬೇಕು. ಬಾಗಿ ಏಳತಕ್ಕ ವಸ್ತುವಿಗೆ ನೀಲಿಯ ಹದ ಬೇಕು. ಹುಲ್ಲಿನ ಬಣ್ಣವು ಅಂಚಿಗೆ ಬಂದು ಮುಟ್ಟಿದ ಕ್ಷಣವೇ ಮುದುಕನು ಕುಡುಗೋಲನ್ನು ಪೂರ್ತಿಯಾಗಿ ನೀರಿಗೆ ಹಾಕಿದನು. ಅಷ್ಟರೊಳಗೆ ಬಹಳವಾದರೆ ಹತ್ತು ಉಸಿರಿನ ಕಾಲ ಕಳೆದಿರಬಹುದು. ಆ ಹತ್ತು ಉಸಿರಿನ ವಿದ್ಯೆಯನ್ನು ಕಲಿಯಲಿಕ್ಕೆ ತನಗೆ ಎಂಟು ವರುಷ ಹಿಡಿದವೆಂದು ಅವನು ಹೇಳಿದನು.

ಇಲ್ಲಿ ಒಂದು ಉಪಯುಕ್ತ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಕಂಬಾರನು ಹಾಕಿಕೊಟ್ಟ ಹದವನ್ನು ನಾವು ಮನೆಯಲ್ಲಿ ಅರಿಯದೆ ಕೆಡಿಸುವದುಂಟು. ಮುರಿದ ಕಾವಿನ ಚೂರನ್ನು ತೆಗೆಯಲಿಕ್ಕೆ ಕೊಡಲಿಯನ್ನು ಒಲೆಗೆ ಹಾಕಿದರೂ, ವಿದ್ಯುತ್ತಿನ ಸಾಣೆಗೆ ಒತ್ತಿ ಹಿಡಿದು ಬಾಯಿ ನೀಲಿಯಾಗುವ ತನಕ ಉಜ್ಜಿದರೂ, ಅಂಚಿನ ಗಟ್ಟಿತನವು ಹೋಗಿಬಿಡುವದು. ಹರಿತ ಕಂಡರೂ ಅದು ಅರ್ಧ ದಿನ ನಿಲ್ಲದು. ಆ ಮೇಲೆ ‘ಕಂಬಾರನ ಕೆಲಸ ಚೆನ್ನಾಗಿಲ್ಲ’ ಎಂದು ದೂರುವದು ನ್ಯಾಯವಲ್ಲ. ನೀರು ಹಾಕುತ್ತಾ ಕಲ್ಲಿನ ಮೇಲೆ ಮಸೆಯುವದೇ ಒಳ್ಳೇದು.

5. ಗಾಲಿಯ ಹಳಿ

ಕುಲುಮೆಯ ಕೆಲಸಗಳಲ್ಲಿ ಮಕ್ಕಳು ಮುಗಿಬಿದ್ದು ನೋಡುತ್ತಿದ್ದದ್ದು ಬಂಡಿಯ ಗಾಲಿಗೆ ಹಳಿ ಹಾಕುವದನ್ನು. ಕಟ್ಟಿಗೆಯ ಗಾಲಿಯನ್ನು ಬಡಿಗನು ಮಾಡುವನು. ಅದನ್ನು ಬಿಗಿಯುವ ಕಬ್ಬಿಣದ ಬಳೆಯನ್ನು ಕಂಬಾರನು ಮಾಡುವನು. ಆ ಬಳೆಯನ್ನು ಗಾಲಿಯ ಸುತ್ತಳತೆಗಿಂತ ಕೊಂಚ ಕಿರಿದಾಗಿಯೇ ಮಾಡಬೇಕು. ಆ ಮೇಲೆ ಅದನ್ನು ನೆಲದ ಮೇಲಿಟ್ಟು, ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಹಚ್ಚುವರು. ಕಬ್ಬಿಣವು ಕಾದಾಗ ಹಿಗ್ಗುವದು. ಐದು ಅಡಿ ಅಡ್ಡಳತೆಯ ಗಾಲಿಗೆ ಸುಮಾರು 188 ಅಂಗುಲ ಸುತ್ತಳತೆ ಇರುವದು. ಅಂಥ ಹಳಿಯು 500 ಡಿಗ್ರಿಯಷ್ಟು ಕಾವೇರಿದರೆ ಒಂದು ಅಂಗುಲಕ್ಕೂ ಸ್ವಲ್ಪ ಹೆಚ್ಚಾಗಿ ಬೆಳೆಯುವದು. ಆಗ ಮೂವರು ಇಕ್ಕಳಗಳಿಂದ ಅದನ್ನು ಎತ್ತಿ ಗಾಲಿಗೆ ತೊಡಿಸಿ, ಕೂಡಲೇ ಕೊಡಗಟ್ಟಲೆ ನೀರು ಸುರಿಯುವರು. ಹಳಿಯು ಕುಗ್ಗುತ್ತಾ ಕಟ್ಟಿಗೆಯ ಕೀಲುಗಳನ್ನೆಲ್ಲಾ ಒಂದಕ್ಕೊಂದು ಬಿಗಿಯುವದು. ಒಂದೂ ಮೊಳೆ ಇಲ್ಲದೆ ಬಡಿಗನ ಕೆಲಸವೂ ಕಂಬಾರನ ಕೆಲಸವೂ ಒಂದೇ ಗಾಲಿಯಾಗುವವು. ರಬ್ಬರಿನ ಗಾಲಿಗಳು ಬಂದ ಮೇಲೆ ಈ ನೋಟವು ಬಲು ಅಪರೂಪವಾಗಿದೆ.

6. ಈ ವಿದ್ಯೆ ಎಷ್ಟು ಹಳೆಯದು?

ಕಂಬಾರಿಕೆಯನ್ನು ಓದುಬರಹ ಅರಿಯದವರ ಒರಟು ಕೆಲಸವೆಂದು ಎಣಿಸುವವರು ಎರಡು ಸಂಗತಿಗಳನ್ನು ತಿಳಿಯತಕ್ಕದ್ದು.

ಮೊದಲನೆಯದು. ಈಗ ಹಾವೇರಿ ಜಿಲ್ಲೆಯಲ್ಲಿ ಇರುವ ಹಳ್ಳೂರು ಎಂಬಲ್ಲಿ, ತುಂಗಭದ್ರೆಯ ದಡದಲ್ಲಿ, 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಎಂಬ ವಿದ್ವಾಂಸರು ಭೂಮಿಯನ್ನು ಅಗೆದು ಶೋಧಿಸಿದರು. ಅಲ್ಲಿ ದೊರೆತ ಕಬ್ಬಿಣದ ವಸ್ತುಗಳ ಕಾಲವು ಕ್ರಿಸ್ತಪೂರ್ವ 1000ದ ಸುಮಾರಿನದೆಂದು ಪರೀಕ್ಷೆಗಳಿಂದ ತಿಳಿದುಬಂದಿತು. ಹೀಗೆ ನಮ್ಮ ನಾಡಿನ ಕುಲುಮೆಯ ಬೆಂಕಿಯು ಸುಮಾರು 3000 ವರುಷಗಳಿಂದ ಉರಿಯುತ್ತಾ ಬಂದದ್ದಾಗಿದೆ.

ಎರಡನೆಯದು. ಹಿಂದಿನ ಕಾಲದಲ್ಲಿ ದಕ್ಷಿಣದ ಕಸುಬುಗಾರರು ಮೆದು ಕಬ್ಬಿಣದ ತುಂಡುಗಳನ್ನು ಒಣ ಕಟ್ಟಿಗೆ ಮತ್ತು ಎಲೆಗಳೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಬಹಳ ಹೊತ್ತು ಕಾಯಿಸಿ ಉತ್ತಮವಾದ ಉಕ್ಕನ್ನು ಮಾಡುತ್ತಿದ್ದರು. ಕಟ್ಟಿಗೆಯೊಳಗಿನ ಇಂಗಾಲವು ಕಬ್ಬಿಣದೊಳಗೆ ಸೇರಿ ಅದನ್ನು ಉಕ್ಕಾಗಿ ಮಾರ್ಪಡಿಸುತ್ತಿತ್ತು. 1800 ಮತ್ತು 1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬವನು ಕಬ್ಬಿಣ ಮತ್ತು ಉಕ್ಕಿನ ಕೆಲಸವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಈ ಉಕ್ಕಿಗೆ ಐರೋಪ್ಯರು ‘ವೂಟ್ಸ್’ ಎಂಬ ಹೆಸರಿಟ್ಟರು. ಅದು ನಮ್ಮ ‘ಉಕ್ಕು’ ಎಂಬ ಶಬ್ದದಿಂದಲೇ ಹುಟ್ಟಿತೆಂದು ವಿದ್ವಾಂಸರಲ್ಲಿ ಬಹುಮಂದಿ ಹೇಳುತ್ತಾರೆ. 1795ರಲ್ಲಿ ಲಂಡನಿನ ರಾಯಲ್ ಸೊಸೈಟಿಯಲ್ಲಿ ಇದರ ವಿಷಯವಾಗಿ ಒಂದು ಪ್ರಬಂಧವನ್ನು ಓದಲಾಯಿತು. ಬಳಿಕ 1819ರಿಂದ ಕೆಲವು ವರುಷ ಮೈಕೆಲ್ ಫ್ಯಾರಡೆಯು ಇದರ ಗುಟ್ಟನ್ನು ತಿಳಿಯಬೇಕೆಂದು ಪ್ರಯೋಗಗಳನ್ನು ನಡಿಸಿದನು. ವಿದ್ಯುತ್ತಿನ ಮಹಾ ಶೋಧಗಳನ್ನು ಮಾಡಿ ಲೋಕಪ್ರಸಿದ್ಧನಾದ ಈ ಫ್ಯಾರಡೆಯ ತಂದೆಯೂ ಒಬ್ಬ ಕಂಬಾರನೇ. ಕುಲುಮೆಯ ಮಗನಾದವನು ಇನ್ನೊಂದು ನಾಡಿನ ಕುಲುಮೆಯ ಉಕ್ಕಿನ ಮುಂದೆ ವಿದ್ಯಾರ್ಥಿಯಾಗಿ ಕೂತದ್ದನ್ನು ನಮ್ಮ ಹುಡುಗರಿಗೆ ಹೇಳಿಕೊಡತಕ್ಕದ್ದು.

7. ಕಂಬಾರನಿಲ್ಲದ ಊರು

ಒಂದು ಜನಾಂಗದಲ್ಲಿ ಕಂಬಾರನು ಇಲ್ಲದೆ ಹೋದರೆ ಏನಾಗುವದೆಂಬದನ್ನು ಸತ್ಯವೇದದ ವಾಚಕರು ಅರಿಯದವರಲ್ಲ. ಸಮುವೇಲನ ಮೊದಲನೆಯ ಪುಸ್ತಕದ 13ನೆಯ ಅಧ್ಯಾಯದ ಕೊನೆಯಲ್ಲಿ ಆ ಸಂಗತಿಯುಂಟು. ಇಸ್ರಾಯೇಲ್ಯರ ಸೀಮೆಯಲ್ಲಿ ಒಬ್ಬ ಕಂಬಾರನೂ ಇರದಂತೆ ಫಿಲಿಷ್ಟಿಯರು ನೋಡಿಕೊಂಡಿದ್ದರು. ಆದದರಿಂದ ತಮ್ಮ ಕುಳವನ್ನೂ ಗುದ್ದಲಿಯನ್ನೂ ಕೊಡಲಿಯನ್ನೂ ಹದ ಮಾಡಿಸಿಕೊಳ್ಳಲಿಕ್ಕೆ ಅವರು ವೈರಿಗಳ ಊರಿಗೇ ಇಳಿದುಹೋಗಿ, ಹಣ ತೆರಬೇಕಾಗಿತ್ತು.

ನಮ್ಮ ಕುಲುಮೆಗಳನ್ನು ಆರಿಸಲಿಕ್ಕೆ ವೈರಿಗಳು ಬೇಕಾಗಿಲ್ಲ. ಅವು ತಾವಾಗಿಯೇ ಆರುತ್ತಾ ಇವೆ. ಟ್ರ್ಯಾಕ್ಟರು ಬಂದು ನೇಗಿಲಿನ ಕೆಲಸ ಕಡಿಮೆಯಾಯಿತು. ಪೇಟೆಯಲ್ಲಿ ಯಂತ್ರದಿಂದ ಮಾಡಿದ ಕುಡುಗೋಲುಗಳು ಸೋವಿಯಾಗಿ ದೊರೆಯುವವು. ಇದ್ದಿಲಿನ ಕ್ರಯ ಏರಿತು. ಇವುಗಳಲ್ಲಿ ಒಳ್ಳೇದೂ ಉಂಟು. ಎತ್ತಿನ ಬೆನ್ನಿನ ಭಾರವೂ ರೈತನ ಮೈಯ ದಣಿವೂ ಇಳಿದವೆಂಬದನ್ನು ಅಲ್ಲಗಳೆಯಲಾಗದು. ಹಳೆಯ ಆಯದ ಪದ್ಧತಿಯನ್ನು ಪೂರ್ಣವಾಗಿ ಹೊಗಳಲೂ ಆಗದು. ವರುಷವೆಲ್ಲಾ ದುಡಿದ ಕಂಬಾರನಿಗೆ ರಾಶಿಯ ಕಾಲದಲ್ಲಿ ಕಣದಿಂದ ಕಾಳು ಬರುತ್ತಿತ್ತು, ನಿಜ. ಆದರೆ ಬರ ಬಿದ್ದ ವರುಷ ಅವನ ಮನೆಯ ಗಡಿಗೆಯೂ ಬರಿದಾಗುತ್ತಿತ್ತು. ಹೊಲವಿಲ್ಲದ ಕೂಲಿಯವನಿಗೆ ಆಯ ಕೊಡಲಿಕ್ಕೆ ಕಣವೇ ಇರಲಿಲ್ಲ.

ಇಷ್ಟಾದರೂ, ಕುಂಟೆಯ ಕುಡವನ್ನು ನಮ್ಮ ಮಣ್ಣಿಗೆ ತಕ್ಕಂತೆ ಬಾಗಿಸುವವನು, ಎಡಗೈಯವನಿಗೆ ಎಡಗೈಯ ಕುಡುಗೋಲು ಮಾಡುವವನು, ಸವೆದದ್ದನ್ನು ಬಿಸಾಡದೆ ಮತ್ತೆ ಬಾಳಿಸಿಕೊಡುವವನು ಪೇಟೆಯಲ್ಲಿ ದೊರೆಯನು. ಲಾರಿಯ ಹಳೆಯ ಪಟ್ಟಿಯ ಉಕ್ಕಿನಿಂದ ಕೊಡಲಿಯನ್ನು ತೆಗೆಯಬಲ್ಲವನು ಅವನೇ. ಆ ವಿದ್ಯೆಯು ಪುಸ್ತಕದಲ್ಲಿ ಇಲ್ಲ, ಅವನ ಕಣ್ಣಿನಲ್ಲಿ ಉಂಟು. ಕಲಿಯುವವನು ಮಗ್ಗುಲಲ್ಲಿ ಕೂತು ಬಣ್ಣವನ್ನು ನೋಡದಿದ್ದರೆ, ಅದು ಆ ಕಣ್ಣಿನೊಂದಿಗೇ ಮುಚ್ಚಿಹೋಗುವದು. ಈ ಮುದುಕನ ಮಗನು ಸೋಲಾಪುರದಲ್ಲಿ ಕೂಲಿಗೆ ಹೋಗಿ ನಾಲ್ಕು ವರುಷವಾಗಿದೆ.

8. ನಮ್ಮ ಸಾಲ

ಕುಡುಗೋಲು ಕೈಗೆ ಬಂದಾಗ ಅದರ ಬಾಯಿ ನೀರಿನ ಗೆರೆಯಂತೆ ಹೊಳೆಯುತ್ತಿತ್ತು. ನಾವು ಮನಸಾರೆ ಮೆಚ್ಚಿ, “ಅಜ್ಜಾ, ನಿಮ್ಮ ಕುಲುಮೆ ನೋಡಿ ಬಹಳ ಸಂತೋಷವಾಯಿತು, ಇಂಥ ಕೆಲಸ ಎಲ್ಲಿಯೂ ಕಾಣಲಿಲ್ಲ,” ಎಂದು ಹೇಳಿದೆವು. ಅವನು ಕೈಯೊರಸಿಕೊಳ್ಳುತ್ತಾ, ಸಿಟ್ಟಿಲ್ಲದೆ ಅಂದದ್ದೇನಂದರೆ: “ಸಂತೋಷರಿ. ಹೋದ ಸುಗ್ಗಿಯಲ್ಲಿ ಎರಡು ಕುಡುಗೋಲು, ಒಂದು ಗುದ್ದಲಿ ಒಯ್ದಿದ್ದಿರಿ. ಅದರದೂ ಇದರ ಕೂಡ ಕೊಟ್ಟರೆ ಒಂದು ಚೀಲ ಇದ್ದಿಲು ತರಬಹುದು.”

ನಾವು ನಾಚಿಕೊಂಡೆವು. ಆ ಸಾಲವು ನಮ್ಮ ನೆನಪಿನಿಂದ ಹೋಗಿಯೇ ಬಿಟ್ಟಿತ್ತು. ಪೇಟೆಯ ಅಂಗಡಿಯಲ್ಲಿ ಒಂದು ರೂಪಾಯಿ ಬಾಕಿ ಇಡದ ನಾವು, ಊರಿನ ಕಂಬಾರನ ಬಳಿಯಲ್ಲಿ ‘ಆ ಮೇಲೆ ಕೊಟ್ಟರಾಯಿತು’ ಎಂದು ಒಂದು ಸುಗ್ಗಿಯನ್ನೇ ಕಳೆದಿದ್ದೆವು. ನೆರಳಿನಲ್ಲಿ ಕೂತಿದ್ದ ಉಳಿದವರೂ ತಲೆ ತಗ್ಗಿಸಿದ್ದನ್ನು ಕಂಡು, ಈ ತಪ್ಪು ನಮ್ಮೊಬ್ಬರದೇ ಅಲ್ಲವೆಂದು ತಿಳಿಯಿತು. ಆ ಹೊತ್ತೇ ಲೆಕ್ಕ ಮಾಡಿ ಎಲ್ಲಾ ಹಣವನ್ನು ಕೊಟ್ಟು ಬಂದೆವು. ಹೊಗಳಿಕೆಯಿಂದ ಕುಲುಮೆ ಉರಿಯದು, ಅದಕ್ಕೆ ಇದ್ದಿಲು ಬೇಕು ಎಂಬದೇ ಆ ದಿನದ ಪಾಠವು.

ಆದದರಿಂದ, ವಾಚಕರೇ, ಕುಲುಮೆಯನ್ನು ಮೆಚ್ಚುವವನು ಮಾಡತಕ್ಕವು ಇವು. ಕೆಲಸ ಮುಗಿದ ದಿನವೇ ಕೂಲಿಯನ್ನು ಕೊಡಿರಿ. ಗಾಲಿ ತಿರುಗಿಸಿ ಚಮ್ಮಟಿಗೆ ಎತ್ತಿದ ತಾಯಿಯ ದುಡಿಮೆಯನ್ನೂ ಅದರಲ್ಲಿ ಎಣಿಸಿರಿ. ಒಗೆಯುವ ಮುಂಚೆ, ಇದನ್ನು ಬಾಳಿಸಲಾದೀತೋ ಎಂದು ಅವನನ್ನು ಕೇಳಿರಿ. ಕೈ ಕಪ್ಪಾಗುವ ಕೆಲಸವು ಕೀಳೆಂಬ ಮಾತನ್ನು ಮಕ್ಕಳ ಮುಂದೆ ಆಡಬೇಡಿರಿ. ಇನ್ನೊಂದು: 2023ನೆಯ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿರುವ 18 ಕಸುಬುಗಳಲ್ಲಿ ಕಂಬಾರಿಕೆಯೂ ಒಂದು. ಅದರಲ್ಲಿ ತರಬೇತಿಯ ಕಾಲಕ್ಕೆ ದಿನಕ್ಕೆ 500 ರೂಪಾಯಿ, ಉಪಕರಣಗಳಿಗೆ 15,000 ರೂಪಾಯಿಯ ವರೆಗೆ ನೆರವು, ಜಾಮೀನಿಲ್ಲದೆ ಮೊದಲು 1 ಲಕ್ಷ ಮತ್ತು ಆ ಮೇಲೆ 2 ಲಕ್ಷ ರೂಪಾಯಿಯ ವರೆಗೆ ನೂರಕ್ಕೆ 5ರ ಬಡ್ಡಿಯ ಸಾಲ ಎಂಬ ಏರ್ಪಾಡುಗಳುಂಟು. ಮುದುಕನಿಗೆ ಅರ್ಜಿ ಬರೆಯಲಿಕ್ಕೆ ಬಾರದು. ಓದುಬರಹ ಬಲ್ಲ ನಮ್ಮ ಯುವಕರು ಅವನನ್ನು ಕರೆದುಕೊಂಡು ಹೋಗಿ ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿದರೆ, ಅದು ನೂರು ಹೊಗಳಿಕೆಗಿಂತ ಹೆಚ್ಚಿನದಾಗುವದು.

ವಿಚಾರಕ್ಕಾಗಿ ಪ್ರಶ್ನೆಗಳು

(1) ಬೆಂಕಿ, ಅಡಿಗಲ್ಲು, ನೀರು ಇವು ಮೂರೂ ಹತ್ತಿರ ಹತ್ತಿರ ಇರುವದು ಯಾಕೆ?
(2) ಕುಲುಮೆಯ ಕತ್ತಲೆಯಿಂದ ಕಂಬಾರನಿಗೆ ಆಗುವ ಪ್ರಯೋಜನವೇನು?
(3) ನೀರು ಕುಡಿಸಿದ ಉಕ್ಕನ್ನು ಹಾಗೆಯೇ ಬಿಟ್ಟರೆ ಏನಾಗುವದು? ಹುಲ್ಲಿನ ಬಣ್ಣದ ಹದವು ಯಾವ ಉಪಕರಣಕ್ಕೆ ತಕ್ಕದ್ದು?
(4) ಗಾಲಿಯ ಹಳಿಯನ್ನು ಗಾಲಿಗಿಂತ ಕಿರಿದಾಗಿ ಮಾಡುವದು ಯಾಕೆ?
(5) ನಿಮ್ಮ ಊರಿನ ಕಂಬಾರನಿಗೂ ಬಡಿಗನಿಗೂ ಕುಂಬಾರನಿಗೂ ನಿಮ್ಮ ಮನೆಯಿಂದ ಬರಬೇಕಾದ ಬಾಕಿ ಎಷ್ಟು? ಇದರ ಉತ್ತರವನ್ನು ಹಲಗೆಯ ಮೇಲೆ ಬರೆಯದೆ, ಅವರ ಮನೆಗೇ ಹೋಗಿ ಮುಟ್ಟಿಸಿ ಬರಬೇಕು.